ತೋಳಕ್ಕೆ ಬಿಟ್ಟ ಕುರಿ

ಆಯಿಯ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿ ಯಾವಾಗಲೂ ಕಪ್ಪುಹಸಿರಾಗಿರುತ್ತಿದ್ದವು. ದಿನಾ ಬೆಳಿಗ್ಗೆ ದೊಡ್ಡಿಯಲ್ಲಿ ಬಗ್ಗಿ, ಕುರಿಗಳ ಹಿಕ್ಕೆ ಆರಿಸಿ, ಎರಡು ಬೆರಳ ನಡುವೆ ಹಿಸುಕಿ ನೋಡುವುದು ಆಕೆಯ ಅಭ್ಯಾಸ. ನಿನ್ನೆ ಕುರಿಗಳು ಏನು ಮೇಯ್ದಿವೆ, ಯಾವುದರ ಹೊಟ್ಟೆ ಕೆಟ್ಟಿದೆ, ಇವತ್ತು ಹಿಂಡನ್ನು ಗುಡ್ಡಕ್ಕೆ ಹೊಡೆಯಬೇಕೋ ಹಿನ್ನೀರಿನ ದಂಡೆಗೋ, ಎಲ್ಲ ಅಲ್ಲೇ ತೀರ್ಮಾನವಾಗುತ್ತಿತ್ತು. ಆಮೇಲೆ ಕೈ ತೊಳೆದುಕೊಂಡು ರೊಟ್ಟಿ ಬಡಿಯುತ್ತಿದ್ದಳು. ಬೆರಳಿನ ಬಣ್ಣ ಮಾತ್ರ ಹೋಗುತ್ತಿರಲಿಲ್ಲ. ಮೊದಮೊದಲು ಆ ರೊಟ್ಟಿ ತಿನ್ನಲು ನನಗೆ ಹಿಂಜರಿಕೆಯಾಗಿತ್ತು. ತಿಂಗಳೊಳಗೆ ಅದಿಲ್ಲದೆ ಊಟ ಸೇರದಂತಾಯಿತು.

ನಾನು ಜಮಖಂಡಿಯವಳು. ಬೀಳಗಿ ಕಡೆಯ ಒಂದು ಹಳ್ಳಿಯ ಹೈಸ್ಕೂಲಿಗೆ ವಿಜ್ಞಾನದ ಶಿಕ್ಷಕಿಯಾಗಿ ಬಂದಾಗ ಆಯಿಯ ಮನೆಯ ಮುಂದಿನ ಕೋಣೆ ಬಾಡಿಗೆಗೆ ಸಿಕ್ಕಿತ್ತು. ಮನೆಯಲ್ಲಿ ಆಯಿ, ಮಗ, ಸೊಸೆ. ಹಣೆಗೆ ಬೀರೇಶ್ವರನ ಭಂಡಾರದ ಅರಿಸಿನ ಹಚ್ಚದೆ ಆಯಿ ಹೊಸ್ತಿಲು ದಾಟಿದವಳಲ್ಲ. ಎದುರು ಮನೆಯ ಕಬ್ಬಿನ ರೈತನಿಗೂ ಇವರಿಗೂ ಮಾತಿರಲಿಲ್ಲ. ಮಗ ಚಿಕ್ಕವನಿದ್ದಾಗ ಇವರ ಮುಧೋಳ ತಳಿಯ ನಾಯಿಗೆ ಆ ರೈತ ವಿಷ ಹಾಕಿ ಕೊಂದನಂತೆ. ನಾನು ಬಂದ ವಾರದಲ್ಲೇ ಸೊಸೆ ಹೇಳಿದ್ದಳು. ಆಯಿ ಆ ವಿಷಯ ಎತ್ತಿದ್ದನ್ನು ಮಾತ್ರ ನಾನು ಕೇಳಿರಲಿಲ್ಲ.

ಒಂದು ಭಾನುವಾರ ಕಟ್ಟೆಯ ಮೇಲೆ ಕೂತು ಒಂಬತ್ತನೇ ತರಗತಿಗೆ ಆಹಾರ ಸರಪಳಿಯ ಚಾರ್ಟ್ ಬರೆಯುತ್ತಿದ್ದೆ. ಕೆಳಗೆ ಹುಲ್ಲು, ನಡುವೆ ಕುರಿ, ಮೇಲೆ ತೋಳ. ಒಂದರಿಂದ ಒಂದಕ್ಕೆ ಬಾಣದ ಗುರುತು. ಆಯಿ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು.

"ಇದೇನ್ರಿ ಅಕ್ಕೋರ?"

"ಯಾವುದು ಯಾವುದಕ್ಕ ಆಹಾರ ಅಂತ ಹುಡುಗ್ರಿಗೆ ತೋರ್ಸೋದು, ಆಯಿ."

"ತೋಳ ಸತ್ತ ಮ್ಯಾಲ?"

"ಹುಳ, ಇರಿವಿ ತಿಂತಾವು. ಉಳಿದದ್ದು ಮಣ್ಣಾಗತೈತಿ."

"ಮಣ್ಣಿನ್ಯಾಗಿಂದ ಮತ್ತ ಹುಲ್ಲು ಬರತೈತಿ. ಅದನ್ಯಾಕ ಬರದಿಲ್ರಿ? ನೀವು ಬರದದ್ದು ನೋಡಿದ್ರ ಎಲ್ಲಾ ತೋಳದ ಹೊಟ್ಟ್ಯಾಗ ಹೋಗಿ ಮುಗದಂಗಾಗೇತಿ. ಹಿಕ್ಕಿ ಎಲ್ಲೈತ್ರಿ?"

ಸತ್ತದ್ದನ್ನು ಕೊಳೆಸಿ ಮಣ್ಣು ಮಾಡುವ ವಿಘಟಕಗಳು ಮುಂದಿನ ಪಾಠದಲ್ಲಿ ಬರುತ್ತವೆ ಎಂದು ಹೇಳಲು ನನಗೆ ನಾಚಿಕೆಯಾಯಿತು. ಹೊಸ ಹಾಳೆ ತೆಗೆದು ದುಂಡಗೆ ಬರೆದೆ. ಹಿಕ್ಕೆಯನ್ನೂ ಬರೆದೆ. ಆಯಿ ಹೇಳುತ್ತ ಹೋದಂತೆ ಇಲಿ, ಹಾವು, ಹದ್ದು, ಕಾಗೆ, ಸಗಣಿ ಹುಳ ಎಲ್ಲ ಬಂದು ಹಾಳೆ ಸಾಲದಾಯಿತು. "ಅದಕ್ಕೂ ಒಂದು ಹೊಟ್ಟಿ ಐತಲ್ರಿ," ಎಂದು ಒಂದೊಂದನ್ನೂ ಸೇರಿಸಿದಳು. ಅದು ಆಕೆಯ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತು.

ಮರುವರ್ಷದ ಚಳಿಗಾಲದಲ್ಲಿ ತೋಳ ದೊಡ್ಡಿಗೆ ಬಿತ್ತು. ಒಂದು ಕುರಿಯನ್ನು ಎಳೆದೊಯ್ದಿತ್ತು. ಇನ್ನೊಂದನ್ನು ಕೊಂದು, ಅರ್ಧ ತಿಂದು, ಹಳ್ಳದ ಬದಿಯಲ್ಲಿ ಬಿಟ್ಟಿತ್ತು. ಅರ್ಧ ತಿಂದದ್ದಕ್ಕೆ ಅದು ಮರಳಿ ಬರುತ್ತದೆಂದು ಎಲ್ಲರಿಗೂ ಗೊತ್ತು. ನಾನು ಶಾಲೆಗೆ ಹೊರಟವಳು ಜನ ಸೇರಿದ್ದು ಕಂಡು ಅಲ್ಲಿಗೆ ಹೋದೆ. ಮಗನ ಕೈಯಲ್ಲಿ ಕಬ್ಬಿಗೆ ಹೊಡೆಯುವ ಎಣ್ಣೆಯ ಬಾಟಲಿ ಇತ್ತು. ನಮ್ಮ ಕಡೆ ಬೆಳೆಗೆ ಸಿಂಪಡಿಸುವ ವಿಷಕ್ಕೆ ಎಣ್ಣೆ ಎಂದೇ ಹೆಸರು. ಆಯಿ ಸತ್ತ ಕುರಿಗೆ ಅಂಟಿಕೊಂಡು ಕೂತಿದ್ದಳು.

"ಯವ್ವಾ, ಏಳಬೇ. ಇವತ್ತ ಬಿಟ್ರ ನಾಳಿ ಮತ್ತ ಬರತೈತಿ."

"ಬರ್ಲಿ. ಎಣ್ಣಿ ಹಾಕಾಕ ನಾ ಬಿಡೂದಿಲ್ಲ."

ಮಗ ನನ್ನ ಕಡೆ ತಿರುಗಿದ. "ಅಕ್ಕೋರ, ನೀವು ಕಲತವರು. ನೀವಽ ಹೇಳ್ರಿ, ಹಾಕೂಣೋ ಬ್ಯಾಡೋ?"

ಹತ್ತಿಪ್ಪತ್ತು ಜನ ನನ್ನನ್ನೇ ನೋಡುತ್ತಿದ್ದರು. ವಿಷ ಒಂದು ಹೊಟ್ಟೆಯಿಂದ ಇನ್ನೊಂದಕ್ಕೆ ಹೇಗೆ ದಾಟುತ್ತದೆ ಎಂದು ನಾನು ಹಿಂದಿನ ತಿಂಗಳಷ್ಟೇ ಪಾಠ ಮಾಡಿದ್ದೆ. ಆದರೆ ಕುರಿ ಕಳೆದುಕೊಂಡವನು ಆತ, ಬಾಡಿಗೆ ಮನೆಯೂ ಆತನದೇ. "ಅದು ನಿಮ್ಮ ಮನಿ ವಿಚಾರರಿ," ಎಂದುಬಿಟ್ಟೆ.

ಆಯಿ ನನ್ನ ಮುಖ ನೋಡಲಿಲ್ಲ. ಮಗನನ್ನೇ ನೋಡುತ್ತ ಹೇಳಿದಳು, "ನಮ್ಮ ನಾಯಿ ಸತ್ತಾಗ ನೀ ಮೂರು ದಿನ ಉಣಲಿಲ್ಲ. ಯಾರು ಕೊಂದ್ರು ಅಂತ ಕೇಳಿದಿ. ಎದುರು ಮನಿಯಾಂವ ಅಂದ್ನಿ. ಸುಳ್ಳು. ಅವತ್ತೂ ತೋಳ ಮೂರು ಮರಿ ಹೊಡದಿತ್ತು. ಸಿಟ್ಟಿಗೆದ್ದು ನಾನಽ ಎಣ್ಣಿ ಹಾಕಿದ್ನಿ. ತೋಳ ಬರಲಿಲ್ಲ. ನರಿ ಸತ್ತುವು, ಕಾಗಿ ಸತ್ತುವು, ಎರಡು ಹದ್ದು ಬಿದ್ದಿದ್ವು. ನಾಯಿ ನನ್ನ ತೊಡಿ ಮ್ಯಾಲ ಜೀವಾ ಬಿಟ್ತು."

ಮಗನ ಮುಖ ಬಿಳಿಚಿತ್ತು. "ಇಷ್ಟು ವರ್ಷ ಯಾಕ ಹೇಳಲಿಲ್ಲ?" ಎಂದ.

"ನೀ ಅಳೂದು ನೋಡಿ ಬಾಯಿ ಬರಲಿಲ್ಲ. ಆಮ್ಯಾಲ ದಿನಾ ಹ್ವಾದಂಗ ಮತ್ತೂ ಕಠಿಣ ಆತು."

ಮಗ ಬಾಟಲಿಯನ್ನು ಪಕ್ಕದಲ್ಲಿದ್ದವನ ಕೈಗೆ ಕೊಟ್ಟು ಅತ್ತ ಹೋಗಿ ನಿಂತ. ಬಹಳ ಹೊತ್ತಾದ ಮೇಲೆ ಬಂದು, ಸತ್ತ ಕುರಿಯ ಕಾಲು ಹಿಡಿದು ಗುಡ್ಡದ ಕಡೆಗೆ ಎಳೆದುಕೊಂಡು ಹೊರಟ. ಇದನ್ನು ಪೂರ್ತಿ ತಿಂದರೆ ತೋಳ ನಾಲ್ಕು ದಿನ ಇತ್ತ ಸುಳಿಯುವುದಿಲ್ಲ, ಅಷ್ಟರಲ್ಲಿ ಬೇಲಿ ಕಟ್ಟಬೇಕು ಎಂಬುದು ಆಯಿಯ ಲೆಕ್ಕ. ಆ ವಾರವೆಲ್ಲ ತಾಯಿ ಮಗ ಜಾಲಿ ಮುಳ್ಳು ಕಡಿದು ಆಳೆತ್ತರದ ಬೇಲಿ ಕಟ್ಟಿದರು. ಒಬ್ಬರೊಡನೊಬ್ಬರು ಮಾತಾಡದೆಯೇ ಕಟ್ಟಿದರು.

ಬೇಲಿ ಮುಗಿದ ದಿನ ಆಯಿ ಎದುರು ಮನೆಗೆ ಹೋದಳು. ನಾನು ಕಟ್ಟೆಯ ಮೇಲಿದ್ದೆ. ರೈತ ಬಾಗಿಲಲ್ಲೇ ನಿಂತು ಕೇಳಿಸಿಕೊಂಡ. "ನನ್ನ ಹೆಂಡ್ತಿ ಇದ್ದಾಗ ಬಂದು ಹೇಳಬೇಕಿತ್ತು, ಆಯಿ. ಆಕಿ ಇದಽ ಕೊರಗಿನ್ಯಾಗ ಹ್ವಾದ್ಲು," ಎಂದು ಒಳಗೆ ಹೋದ. ಆಯಿ ತುಸು ಹೊತ್ತು ಅಂಗಳದಲ್ಲೇ ನಿಂತಿದ್ದು ಮರಳಿದಳು. ಎರಡೂ ಮನೆಗಳು ಪೂರ್ತಿ ಒಂದಾದವು ಎಂದು ಹೇಳಲಾರೆ. ಮಗ ಮತ್ತು ರೈತ ದಾರಿಯಲ್ಲಿ ಸಿಕ್ಕರೆ ನಿಂತು ಮಾತಾಡುವಷ್ಟಾಯಿತು.

ಮುಂದಿನ ತಿಂಗಳು ನಾನು ಕರೆದಾಗ ಆಯಿ ತರಗತಿಗೆ ಬಂದಳು. ಕಂಬಳಿ ಹೊದ್ದುಕೊಂಡು ಬೋರ್ಡಿನ ಕೆಳಗೆ ನೆಲದ ಮೇಲೆ ಕೂತು, ಎಣ್ಣೆ ಹಾಕಿದ ಕಥೆಯನ್ನೂ ಸುಳ್ಳು ಹೇಳಿದ ಕಥೆಯನ್ನೂ ಮಕ್ಕಳಿಗೆ ಹೇಳಿದಳು.

"ಆ ವರ್ಷ ಜ್ವಾಳದಾಗ ಇಲಿ ಭಾಳ ಆದುವು. ಅದಕ್ಕ ಇದಽ ಕಾರಣೋ ಏನೋ, ಖರೆ ನನಗ ಗೊತ್ತಿಲ್ಲ," ಎಂದಳು.

ಒಬ್ಬ ಹುಡುಗಿ ಕೇಳಿದಳು, "ಆಯಿ, ತೋಳ ಸತ್ತಿತೇನು?"

"ಇಲ್ಲವ್ವಾ. ಎಂಟು ದಿನಕ್ಕ ಹಳ್ಳದ ಕೆಸರಿನ್ಯಾಗ ಅದರ ಹೆಜ್ಜಿ ನೋಡಿದ್ನಿ."

ಹೋದ ಮಳೆಗಾಲದಲ್ಲಿ ನಾಲ್ಕು ದಿನದ ಜ್ವರದಲ್ಲಿ ಆಯಿ ತೀರಿಕೊಂಡಳು. ನಾನು ಜಮಖಂಡಿಯಲ್ಲಿದ್ದೆ. ಬೀಳಗಿಯಲ್ಲಿ ಬಸ್ಸಿಳಿದು ಊರು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು.

ಮರುದಿನ ಒಂಬತ್ತನೇ ತರಗತಿಯಲ್ಲಿ ಅದೇ ಆಹಾರ ಸರಪಳಿಯ ಪಾಠವಿತ್ತು. ಮಕ್ಕಳು ಆಯಿಯ ಬಗ್ಗೆ ಕೇಳಿದರು. ಹಳ್ಳದ ಬದಿಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಆಯಿಯ ಮಗ ನನ್ನನ್ನು ಕೇಳಿದ ಭಾಗಕ್ಕೆ ಬಂದೆ. ಬಿಟ್ಟು ಮುಂದೆ ಹೋದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆಮೇಲೆ ಅದನ್ನೂ ಹೇಳಿದೆ: ಎಲ್ಲ ಓದಿಕೊಂಡಿದ್ದ ನಿಮ್ಮ ಅಕ್ಕೋರು ಅವತ್ತು ಹೆದರಿ, ಅದು ನಿಮ್ಮ ಮನೆ ವಿಚಾರ ಅಂದುಬಿಟ್ಟರು.