ತಮ್ಮನಿಗೆ ಅಕ್ಕ ಕೊಟ್ಟ ಅಂಕ

ಅಂಗಿ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಗುಂಡಿ ಹೊಲಿದವಳನ್ನು ಎಲ್ಲರೂ ಗುಂಡಿಯಕ್ಕ ಅಂತಲೇ ಕರೆಯುತ್ತಿದ್ದರು. ಮದುವೆ ಯಾಕಾಗಲಿಲ್ಲ ಅಂದರೆ, ಮನೇಲಿ ಒಬ್ಬ ಗಂಡಸಿದ್ದಾನಲ್ಲ, ಅವನೇ ಸಾಕಪ್ಪಾ ಸಾಕು ಅನ್ನಿಸಿದ್ದಾನೆ ಎಂದು ನಗುತ್ತಿದ್ದಳು. ಆ ಗಂಡಸು ಅವಳ ತಮ್ಮ. ಅದೇ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುತ್ತಿದ್ದವನು, ಗೋಡೆಗಳು ತನ್ನನ್ನು ಬೈಯುತ್ತಿವೆ ಎಂದು ಒಂದು ದಿನ ಕತ್ತರಿ ಕೆಳಗಿಟ್ಟು ಬಂದ. ಅದಾಗಿ ಎಂಟು ವರ್ಷ.

ಅವನು ಹೋಗುತ್ತಿದ್ದದ್ದು ಹಗಲು ಆಸ್ಪತ್ರೆಗೆ. ಬೆಳಿಗ್ಗೆ ಒಂಬತ್ತಕ್ಕೆ ಬಿಡಬೇಕು, ನಾಲ್ಕಕ್ಕೆ ಕರೆತರಬೇಕು. ನಡುವೆ ಮಾತ್ರೆ, ಊಟ, ಮಾತುಕತೆ. ತಲೆಯೊಳಗಿನ ಗಲಾಟೆ ತಣ್ಣಗಾಗಿತ್ತು, ಸುಳ್ಳು ಯಾಕೆ ಹೇಳಬೇಕು. ಆದರೆ ಅವನ ಕೈಗೆ ಒಂದು ಕೆಲಸವೂ ಹತ್ತಿರಲಿಲ್ಲ. ಆಸ್ಪತ್ರೆಯ ಹಿಂದಿದ್ದ ಕಟ್ಟಡ ಪುನರ್ವಸತಿ ಕೇಂದ್ರ. ಅಲ್ಲಿ ಹಾಸಿಗೆ ಕೊಟ್ಟು, ಹಲ್ಲುಜ್ಜುವುದರಿಂದ ಹಿಡಿದು ಬುಟ್ಟಿ ಹೆಣೆಯುವ ತನಕ ಕಲಿಸಿ, ವರ್ಷಗಟ್ಟಲೆ ಇಟ್ಟುಕೊಳ್ಳುತ್ತಿದ್ದರು. ಗುಂಡಿಯಕ್ಕನ ಹೃದಯ ಹೆಚ್ಚು ದಿನ ಬಾಳುವುದಲ್ಲ ಎಂದು ಗೊತ್ತಾದ ಮೇಲೆ ಅವಳಿಗೆ ಆ ಹಾಸಿಗೆಯದೇ ಜಪ. ತಾನು ಕಣ್ಣು ಮುಚ್ಚಿದರೆ ಇವನಿಗೆ ಒಂದು ಲೋಟ ನೀರು ಕೊಡುವವರಿಲ್ಲ.

ತಿಂಗಳಿಗೊಮ್ಮೆ ಆಸ್ಪತ್ರೆಯವರು ಮನೆಯವರು ತುಂಬಿಕೊಡಲೆಂದು ಒಂದು ಹಾಳೆ ಕೊಡುತ್ತಿದ್ದರು. ತಾನೇ ಸ್ನಾನ ಮಾಡುತ್ತಾನೆಯೇ? ಒಬ್ಬನೇ ಅಂಗಡಿಗೆ ಹೋಗುತ್ತಾನೆಯೇ? ಹತ್ತಕ್ಕೆ ಎಷ್ಟು? ಕಾರ್ಖಾನೆಯಲ್ಲಿ ಗುಂಡಿ ಓರೆಯಾದ ಅಂಗಿಯನ್ನು ಮೂಲೆಗೆ ಎಸೆಯುತ್ತಾರೆ, ನೆಟ್ಟಗಿದ್ದದ್ದನ್ನು ಮುಂದಕ್ಕೆ ಕಳಿಸುತ್ತಾರೆ. ಕೆಲಸ ಕಲಿಸುವ ಕಡೆಗೂ ನೆಟ್ಟಗಿದ್ದವರೇ ಬೇಕು ಎಂದುಕೊಂಡು, ಅವನ ತಲೆಗೆ ನೀರು ಹೊಯ್ದು ಬಂದ ಒದ್ದೆ ಕೈಯಲ್ಲೇ, ಆರು ತಿಂಗಳು ಎಂಟು, ಒಂಬತ್ತು ಎಂದು ಬರೆದಳು. ಅಯ್ಯೋ ಪುಣ್ಯಾತ್ಗಿತ್ತಿ, ಯಾರನ್ನಾದರೂ ಒಂದು ಮಾತು ಕೇಳಬಾರದಿತ್ತೇ?

ಕೊನೆಗೆ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು, ಹಾಳೆಗಳನ್ನು ಮುಂದಿಟ್ಟುಕೊಂಡು, ಸಂತೋಷದಿಂದಲೇ ಹೇಳಿದರು: ಹಗಲು ಆಸ್ಪತ್ರೆಯಲ್ಲೇ ಇಷ್ಟು ಸುಧಾರಿಸಿದವನಿಗೆ ಪುನರ್ವಸತಿ ಬೇಕಿಲ್ಲ, ಖಾಲಿಯಾಗಿರುವ ಒಂದೇ ಹಾಸಿಗೆ ಏನೂ ಬಾರದವರಿಗೆ. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಿದ್ದಳು ಮಹರಾಯ್ತಿ. ಪಕ್ಕದಲ್ಲಿ ತಮ್ಮ ಎದೆಯುಬ್ಬಿಸಿ ಕೂತಿದ್ದ. ಎಂಟು ವರ್ಷದಲ್ಲಿ ಅವನನ್ನು ಯಾರೂ ಹೊಗಳಿರಲಿಲ್ಲ.

"ಅಕ್ಕ, ನಂಗೆ ಒಂಬತ್ತು ಕೊಟ್ಟಿದ್ದೀಯಾ?" ಎಂದ.

ಸ್ವಲ್ಪ ಹೊತ್ತು ಹೊರಗಿರು ಅಂದಳು. ಅವನು ಏಳಲಿಲ್ಲ. ಡಾಕ್ಟರಮ್ಮನಿಗಾಗಿ ಮುಂದಿನ ರೋಗಿ ಕಾಯುತ್ತಿದ್ದ. ಗುಂಡಿಯಕ್ಕ ಮೇಜನ್ನೇ ನೋಡುತ್ತಾ ಹೇಳಿದಳು:

"ಸುಳ್ಳು ಬರೆದೆ ಡಾಕ್ಟ್ರೇ. ಸ್ನಾನ ನಾನೇ ಮಾಡಿಸೋದು. ಚಡ್ಡೀನೂ ನಾನೇ ಹಾಕೋದು. ಇವನಿಗೆ ಏನೂ ಬರಲ್ಲ."

ಒಂದು ವಾರ ಪರೀಕ್ಷೆ ಮಾಡಿ ನೋಡಿದರು. ಹಾಸಿಗೆ ಸಿಕ್ಕಿತು.

ಮೊದಲ ಭಾನುವಾರ ನೋಡಲು ಹೋದಾಗ, ಯಾರು ಬಂದಿದ್ದಾರೆ ನೋಡು ಎಂದು ಅಲ್ಲಿನವರು ಅವನನ್ನು ಕರೆದರು. ಅವನು ಬುಟ್ಟಿಯಿಂದ ತಲೆ ಎತ್ತದೆ, ನನಗೇನೂ ಬರಲ್ಲ ಅಂದೋರು ಎಂದ. ಆಮೇಲೆ ಅವಳೊಂದಿಗೆ ಒಂದು ಮಾತೂ ಆಡಲಿಲ್ಲ. ಅವನು ತಾನೇ ಮಿಂದು, ತಾನೇ ಹಾಸಿಗೆ ಮಡಚುವುದನ್ನು ಬೇರೆಯವರ ಬಾಯಿಂದ ಕೇಳಿ, ಹದಿನಾಲ್ಕು ಭಾನುವಾರ ಎದುರಿಗೆ ಸುಮ್ಮನೆ ಕೂತು ಎದ್ದು ಬಂದಳು. ಹದಿನೈದನೆಯದಕ್ಕೆ ಅವಳೇ ಇರಲಿಲ್ಲ.

ಸುದ್ದಿ ತಂದವರಿಗೆ ಅವನು, "ಈ ವಾರ ಮಾತಾಡಿಸೋಣ ಅಂತಿದ್ದೆ" ಅಂದ.