ಗುಡ್ಡ ಹತ್ತಿದ ಐಸ್ ಪೆಟ್ಟಿಗೆ

ನಮ್ಮ ಕರಾವಳಿಯಲ್ಲಿ ‘ಐಸ್ ಮೀನು’ ಎನ್ನುವುದು ಬೈಗುಳ. ದೋಣಿಯಿಂದ ಇಳಿದು ನೇರ ಬಾಣಲೆಗೆ ಬಂದದ್ದು ಮೀನು. ಐಸಿನಲ್ಲಿ ವಾರ ಕಳೆದು ಬಂದದ್ದು ಬರೀ ಹೆಣ. ನಲವತ್ತು ವರ್ಷ ಮಲ್ಪೆಯಲ್ಲಿ ಬಲೆ ಎಳೆದ ನನ್ನ ಮಾವನಿಗೆ ಈ ವಿಷಯದಲ್ಲಿ ಯಾವ ಭಟ್ಟರಿಗೂ ಕಡಿಮೆಯಿಲ್ಲದ ಮಡಿ. ಮಗಳ ಹೆರಿಗೆಯವರೆಗೆ ಇರುತ್ತೇನೆಂದು ವಿಸಿಟ್ ವೀಸಾದಲ್ಲಿ ದುಬೈಗೆ ಬಂದವರು, ಕರಾಮದ ನಮ್ಮ ಫ್ಲ್ಯಾಟಿನಲ್ಲಿ ಮೂರನೆಯ ದಿನವೇ ಮುಖ ಸಿಂಡರಿಸಿದರು. ನಾನು ತಂದ ಬಂಗುಡೆಯ ಕಿವಿರು ಎತ್ತಿ ನೋಡಿ, “ಇದು ನನಗಿಂತ ಮೊದಲೇ ರಿಟೈರ್ ಆದದ್ದು,” ಎಂದರು. ಎರಡು ವಾರ ಬರೀ ಸಾರು ಅನ್ನ ಉಂಡು, ಕೊನೆಗೆ “ಟಿಕೆಟ್ ಮಾಡಿ, ಊರಿಗೆ ಹೋಗ್ತೇನೆ,” ಎಂದು ಕೂತರು.

ಹೆಂಡತಿಗೆ ಎಂಟನೆಯ ತಿಂಗಳು. ಅವಳ ತಾಯಿ ತೀರಿಕೊಂಡು ಬಹಳ ವರ್ಷವಾಗಿತ್ತು. ಇದ್ದದ್ದು ಈ ಒಬ್ಬ ಅಪ್ಪ. ಅವರೆದುರು ಏನೂ ಹೇಳದೆ, ನನ್ನನ್ನು ಅಡುಗೆಮನೆಗೆ ಕರೆದು, “ಅಪ್ಪ ಹೋದರೆ ನಾನು ನಿಮ್ಮೊಟ್ಟಿಗೆ ಮಾತಾಡುವುದಿಲ್ಲ,” ಎಂದಳು. ನಾನೇನು ಮಾಡಿದೆ ಎಂದು ಕೇಳುವ ಧೈರ್ಯ ಬರಲಿಲ್ಲ.

ಆ ವಾರ ಆಫೀಸಿನಲ್ಲಿ ಕೆನಡಾದವನೊಬ್ಬ ಫೋನಿನಲ್ಲಿ ಫೋಟೋ ತೋರಿಸಿದ. ಹೆಪ್ಪುಗಟ್ಟಿದ ಗುಡ್ಡದ ಕೆರೆ. ಅಲ್ಲಿಗೆ ನಡೆದೇ ಹೋಗಬೇಕಂತೆ. ಮಂಜುಗಡ್ಡೆಗೆ ತೂತು ಕೊರೆದು, ಗಾಳ ಇಳಿಸಿ ಕೂತಿದ್ದ. ಮಾವನನ್ನು ಮಾತಿಗೆಳೆಯಲು ಊಟದ ಹೊತ್ತಿಗೆ ಇದನ್ನೇ ಹೇಳಿದೆ. “ಇದಕ್ಕೆ ಐಸ್ ಫಿಶಿಂಗ್ ಅಂತಾರೆ ಮಾವ.”

“ಐಸಿನ ಮೀನನ್ನು ಇನ್ನೊಮ್ಮೆ ಹಿಡಿಯುವುದಾ? ಎಂತ ಮರ್ಲು ಮಾರಾಯ್ರೇ ಅವನಿಗೆ?”

ಆದರೆ ಗಾಳ ಎಂಬ ಮಾತು ಕಿವಿಗೆ ಬಿದ್ದಾಗಿತ್ತು. “ಇಲ್ಲಿ ಗುಡ್ಡದಲ್ಲಿ ಕೆರೆ ಉಂಟಾ?” ಎಂದರು. ಹತ್ತಾ ಎಂಬ ಊರಿನ ಗುಡ್ಡಗಳ ನಡುವೆ ನೀರಿನ ಹೊಂಡವಿದೆ, ಮೀನೂ ಇದೆ ಎಂದು ಯಾರೋ ಹೇಳಿದ್ದು ನೆನಪಾಯಿತು. ಕಣ್ಣಾರೆ ಕಂಡು ಬಂದವನ ಹಾಗೆ “ಉಂಟು ಮಾವ, ಜೀವಂತ ಮೀನು,” ಎಂದುಬಿಟ್ಟೆ.

ಜನವರಿಯ ಒಂದು ಶುಕ್ರವಾರ ಬೆಳಿಗ್ಗೆ ಹೊರಟೆವು. ಕಾರು ನಿಲ್ಲಿಸಿದ ಮೇಲೆ ಎರಡು ಗಂಟೆ ನಡಿಗೆ. ದಾರಿ ಎಂದರೆ ಆಡು ಕೂಡ ಯೋಚಿಸಿ ಕಾಲಿಡುವಂಥ ಕಲ್ಲು. ಮಾವ ಲುಂಗಿ ಎತ್ತಿ ಕಟ್ಟಿ, ಗಾಳ ಹಿಡಿದು ಮುಂದೆ. ತಲೆಯ ಮೇಲೆ ಥರ್ಮಾಕೋಲ್ ಪೆಟ್ಟಿಗೆ ಹೊತ್ತು ನಾನು ಹಿಂದೆ. ಅದರ ತುಂಬ ಐಸ್. ಹಿಡಿದ ಮೀನು ಮನೆ ಮುಟ್ಟುವವರೆಗೆ ಕೆಡಬಾರದಲ್ಲ! ಐಸ್ ಹಾಕಿದರೆ ಅದೂ ಐಸ್ ಮೀನೇ ಎಂದು ಇಬ್ಬರಿಗೂ ಹೊಳೆಯಲಿಲ್ಲ. ಕರಗಿದ ನೀರು ನನ್ನ ಕುತ್ತಿಗೆಯಿಂದ ಇಳಿದು ಚಡ್ಡಿಯವರೆಗೆ ತಲುಪಿತು.

ಹೊಂಡ ಸಿಕ್ಕಿತು. ತಳ ಕಾಣುವಷ್ಟು ತಿಳಿ ನೀರು. ಮೀನೂ ಇತ್ತು, ಸುಳ್ಳಲ್ಲ. ಕಿರುಬೆರಳಿಗಿಂತ ಚಿಕ್ಕವು, ಗಾಳದ ಕೊಕ್ಕೆಯೇ ಅವುಗಳಿಗಿಂತ ದೊಡ್ಡದಿತ್ತು. ಮಾವ ಗಾಳವನ್ನೊಮ್ಮೆ, ಮೀನನ್ನೊಮ್ಮೆ, ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬಂಡೆಯ ಮೇಲೆ ಕೂತು ನೀರಿಗೆ ಕಾಲು ಇಳಿಬಿಟ್ಟರು. ಮೀನುಗಳು ಗುಂಪಾಗಿ ಬಂದು ಹಿಮ್ಮಡಿಯ ಒಡಕು ಕಚ್ಚತೊಡಗಿದವು. ಕಚಗುಳಿ ತಾಳಲಾರದೆ ಮಾವ ನಕ್ಕರು. ದುಬೈಗೆ ಬಂದ ಮೇಲೆ ಅದೇ ಮೊದಲು. “ನಲವತ್ತು ವರ್ಷ ನಾನು ತಿಂದೆ. ಈಗ ಇವುಗಳ ಸರದಿ.”

ನನಗೆ ಮಾತ್ರ ಅಳು ಬರುವಂತಾಗಿತ್ತು. “ನೀವು ಹೋಗ್ತೀರಿ ಅಂತ ಅವಳು ದಿನಾ ಅಳ್ತಾಳೆ ಮಾವ,” ಎಂದೆ. ಅವರ ನಗು ನಿಂತಿತು. ಇಳಿಯುವಾಗ ಪೆಟ್ಟಿಗೆಯನ್ನು ತಾವೇ ಹೊತ್ತರು.

ಕಾರು ದುಬೈ ಹತ್ತಿರ ಬಂದಾಗ, “ಮೀನು ಮಾರ್ಕೆಟ್ ಕಡೆ ತಿರುಗಿಸಿ,” ಎಂದರು. ದೇರಾದ ಮಾರುಕಟ್ಟೆಯಲ್ಲಿ ಐಸಿನ ರಾಶಿಯಿಂದ ಆರು ಬಂಗುಡೆ ಎತ್ತಿಕೊಂಡರು. ಕಿವಿರು ನೋಡಲಿಲ್ಲ.

“ಗುಡ್ಡದ ಕೆರೆಯದ್ದು. ನಾನೇ ಹಿಡಿದದ್ದು,” ಎಂದು ಮಗಳ ಮುಂದೆ ಪೆಟ್ಟಿಗೆ ಇಟ್ಟರು. ಬಂಗುಡೆ ಗುಡ್ಡದಲ್ಲಿ ಸಿಗುವುದಿಲ್ಲ ಎಂದು ಮಲ್ಪೆಯಲ್ಲಿ ಹುಟ್ಟಿದವಳಿಗೆ ಗೊತ್ತಿಲ್ಲವೇ? ಒಂದು ಕ್ಷಣ ಅಪ್ಪನ ಮುಖ ನೋಡಿದಳು. “ಒಳ್ಳೆ ಫ್ರೆಶ್ ಉಂಟು ಅಪ್ಪ,” ಎಂದು ಮಸಾಲೆ ಅರೆಯಲು ಹೋದಳು.

ಮಾವ ಮೂರು ಬಂಗುಡೆ ತಿಂದರು. ಕೈ ತೊಳೆಯುತ್ತಾ ನನಗೆ ಹೇಳಿದರು: “ಬರುವ ಶುಕ್ರವಾರವೂ ಕೆರೆಗೆ ಹೋಗುವ. ಹೆರಿಗೆಯವರೆಗೆ ನಾನು ಹೀಗೇ ಹಿಡಿದು ತರಬೇಕಲ್ಲ.”