ಚಿತ್ತರಂಜನ ರೈಗಳ ಎಡಗೈ

ಚಿತ್ತರಂಜನ ರೈಗಳ ಎಡಗೈಗೆ ಸಂಗೀತ ಗೊತ್ತಿರಲಿಲ್ಲ. ಮೂವತ್ತು ವರ್ಷ ತುಳು ನಾಟಕಗಳಿಗೆ ಹಾರ್ಮೋನಿಯಂ ನುಡಿಸಿದವರ ಬಗ್ಗೆ ಹೀಗೆಂದರೆ ಯಾರಾದರೂ ನಕ್ಕಾರು. ಆದರೆ ಹಾರ್ಮೋನಿಯಂನಲ್ಲಿ ಸ್ವರದ ದೊಡ್ಡಸ್ತಿಕೆಯೆಲ್ಲ ಬಲಗೈಯದು. ಎಡಗೈ ಹಿಂದಿನ ತಿದಿ ಒತ್ತಿ ಗಾಳಿ ಕೊಡುವ ಕೂಲಿಯಾಳು, ಅಷ್ಟೆ. ಕೊಟ್ಟಾರದ ಮನೆಯ ಗದ್ದೆ ಭೂಮಸೂದೆಯಲ್ಲಿ ಹೋದಾಗ ಅಣ್ಣಂದಿರು ಬೊಂಬಾಯಿಯ ಹೋಟೆಲು ಸೇರಿದರು. ಇವರು ಹಾರ್ಮೋನಿಯಂ ಪೆಟ್ಟಿಗೆ ಬಿಟ್ಟು ಕದಲಲಿಲ್ಲ. ಪೆಟ್ಟಿಗೆ ಒತ್ತಿದರೆ ಹೊಟ್ಟೆ ತುಂಬುತ್ತದಾ ಎಂದು ಕೇಳಿದವರ ಎದುರೇ ಹೇಗೋ ತುಂಬಿಸಿಕೊಂಡರು.

ಎಂಬತ್ತಾರನೇ ಇಸವಿಯಲ್ಲಿ ನಾಟಕ ತಂಡದ ಯಜಮಾನ ಮೋಹನದಾಸ ಮನೆಗೇ ಬಂದ. "ಚಿತ್ತಣ್ಣ, ಈಗ ಎಲ್ಲ ಕಡೆ ಕೀಬೋರ್ಡ್ ಕೇಳ್ತಾರೆ. ದೀಪಾವಳಿ ನಾಟಕಕ್ಕೆ ನೀವು ಕಲಿತರೆ ಸರಿ. ಇಲ್ಲದಿದ್ದರೆ ಬೇರೆಯವರನ್ನು ನೋಡ್ತೇನೆ, ಬೇಸರ ಮಾಡಬಾರದು."

ಬೇಸರವಾಗದೆ ಇರುತ್ತದೆಯೇ? ಐವತ್ತು ದಾಟಿದ ಮೇಲೆ ರಂಗದ ಪಕ್ಕದ ಆ ಜಾಗ ಹೋದರೆ ತಾನು ಯಾರೆಂಬುದೇ ರೈಗಳಿಗೆ ತೋಚಲಿಲ್ಲ.

ದುಬೈಯಿಂದ ರಜೆಯಲ್ಲಿ ಬಂದಿದ್ದ ತೊಕ್ಕೊಟ್ಟಿನ ಹಳೆಯ ಗೆಳೆಯ ಖಾಲಿದ್ ತಾನು ತಂದ ಕೀಬೋರ್ಡನ್ನೇ ಅವರ ಮನೆಯ ಮೇಜಿನ ಮೇಲಿಟ್ಟ. "ನೋಡಿ ರೈಗಳೇ, ಈ ಸ್ವಿಚ್ಚಿನಲ್ಲಿ ಎರಡು ದಾರಿ ಉಂಟು. 'ಫಿಂಗರ್ಡ್' ಅಂತ ಇಟ್ಟರೆ ಎಡಗೈಯಲ್ಲಿ ಮೂರು ಸ್ವರ ಒಟ್ಟಿಗೆ ಒತ್ತಬೇಕು, ಆಗ ಹಾಡಿನ ಹಿಂದಿನ ಮೇಳ, ಈ ಕಾರ್ಡ್ ಅಂತಾರಲ್ಲ, ಅದು ಬರ್ತದೆ. 'ಸಿಂಗಲ್ ಫಿಂಗರ್' ಇಟ್ಟರೆ ಒಂದೇ ಬೆರಳು ಸಾಕು, ಉಳಿದದ್ದನ್ನು ಅದೇ ಸೇರಿಸ್ತದೆ. ದುಃಖದ ಹಾಡಾದರೆ ಎಡಬದಿಯ ಒಂದು ಕಪ್ಪು ಕೀಯನ್ನೂ ಸೇರಿಸಿ. ತಾಳ ಬೇಕಾದರೆ ಈ ಬಟನ್. ಮತ್ತೆಂತ ಬೇಕು ಮಾರಾಯ್ರೆ!"

ರೈಗಳು ಮೊದಲು ಮೂರು ಬೆರಳಿನ ದಾರಿಯನ್ನೇ ಹಿಡಿದರು. ಒಂದು ಬೆರಳು ಇಳಿದರೆ ಉಳಿದವು ಮಲಗುತ್ತಿದ್ದವು. ವಾರ ಕಳೆದರೂ ಕೀಬೋರ್ಡು ಬಾಯಿಬಿಡಲಿಲ್ಲ.

"ಒಂದು ಬೆರಳು ಸಾಕು ಅಂತ ಅದೇ ಹೇಳುವಾಗ ನಿಮಗೆ ಮೂರರ ಹಠ ಎಂತಕ್ಕೆ?" ಎಂದಳು ಹೆಂಡತಿ ಸುಂದರಿ.

ಹಠ ಬಿಟ್ಟರು. ಒಂದೇ ಬೆರಳಿಗೆ ಹತ್ತು ಜನರ ಮೇಳ ಎದ್ದು ಬಂತು. ಅಭ್ಯಾಸದ ದಿನ ಎಲ್ಲರೂ ತಲೆದೂಗಿದರು. ಮಾಡದ ಕೆಲಸಕ್ಕೆ ಹೊಗಳಿಸಿಕೊಂಡಂತೆ ರೈಗಳಿಗೆ ನಾಚಿಕೆಯಾಯಿತು, ಆದರೂ ಜಾಗ ಉಳಿಯಿತಲ್ಲ ಎಂದು ಸುಮ್ಮನಾದರು.

ನಾಟಕ ಪುರಭವನದಲ್ಲಿ, ಸಂಜೆ. ಮಗು ಕಳೆದುಕೊಂಡ ತಾಯಿಯ ಪಾತ್ರ ವಿನೋದಾಳದು. ಹಾಡಿನ ನಡುವೆ ಒಂದು ಕಡೆ ಅವಳು ಅಳುತ್ತಾಳೆ. ಆ ಅಳು ಒಂದು ದಿನ ಎರಡು ಉಸಿರು, ಇನ್ನೊಂದು ದಿನ ಹತ್ತು. ಹಿಂದಿನ ಪ್ರದರ್ಶನಗಳಲ್ಲೆಲ್ಲ ಹಾರ್ಮೋನಿಯಂ ಒಂದೇ ಸ್ವರ ಹಿಡಿದು ಅವಳಿಗಾಗಿ ನಿಲ್ಲುತ್ತಿತ್ತು. ಅಭ್ಯಾಸದಲ್ಲಿ ಅಳುವ ಪದ್ಧತಿ ತಂಡದಲ್ಲಿರಲಿಲ್ಲ. ಹಾಗಾಗಿ ಈ ಯಂತ್ರಕ್ಕೆ ಕಾಯಲು ಬರುವುದಿಲ್ಲವೆಂಬುದು ಯಾರಿಗೂ ಹೊಳೆದಿರಲಿಲ್ಲ.

ವಿನೋದಾ ಅತ್ತಳು. ಕೀಬೋರ್ಡು ಟಕಟಕ ತಾಳ ಹಾಕುತ್ತಲೇ ಇತ್ತು. ಹಿಂದಿನ ಸಾಲಿನಲ್ಲಿ ಯಾರೋ ಅದಕ್ಕೆ ಸರಿಯಾಗಿ ಚಪ್ಪಾಳೆ ತಟ್ಟಿದರು, ಸಿಳ್ಳೆಯೂ ಬಿತ್ತು. ಅವಳು ಕಣ್ಣೆತ್ತಿ ರೈಗಳನ್ನು ನೋಡಿದಳು. ಆ ನೋಟಕ್ಕೆ ಎಡಗೈ ತಾನಾಗಿಯೇ ಕೀ ಬಿಟ್ಟು ಕೀಬೋರ್ಡಿನ ಹಿಂದಕ್ಕೆ ಹೋಗಿ, ಇಲ್ಲದ ತಿದಿಯನ್ನು ಒತ್ತತೊಡಗಿತು. ಕಾರ್ಡ್ ನಿಂತಿತು. ರೈಗಳು ಬಲಗೈಯಿಂದ ತಾಳದ ಬಟನ್ ಒತ್ತಿ ಅದರ ಬಾಯಿಯನ್ನೂ ಮುಚ್ಚಿಸಿ, ಒಂದೇ ಒಂದು ಸ್ವರ ಹಿಡಿದರು. ಹಿಂದಿನ ಸಾಲಿನ ಚಪ್ಪಾಳೆಯೂ ನಿಂತಿತು. ವಿನೋದಾ ಮನಸ್ಸು ತುಂಬ ಅತ್ತು, ಮತ್ತೆ ಹಾಡಿದಳು.

ಪರದೆ ಬಿದ್ದದ್ದೇ ಮೋಹನದಾಸ ಬಣ್ಣದ ಕೋಣೆಯಾದ ಚೌಕಿಗೆ ನುಗ್ಗಿದ. "ಎಂತ ಚಿತ್ತಣ್ಣ ಇದು! ಕಾರ್ಡ್ ಇಲ್ಲ, ತಾಳ ಇಲ್ಲ. ಕೀಬೋರ್ಡ್ ಇಟ್ಟದ್ದು ಎಂತಕ್ಕೆ? ಮುಂದಿನ ನಾಟಕಕ್ಕೆ ಕಂಕನಾಡಿಯ ಕೀಬೋರ್ಡಿನವರಿಗೆ ಹೇಳ್ತೇನೆ."

ರೈಗಳು ತಲೆ ತಗ್ಗಿಸಿದರು. ಅವನ ಮಾತು ನ್ಯಾಯವೆಂದೇ ಅವರಿಗೂ ಕಂಡಿತು.

ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸುತ್ತಿದ್ದ ವಿನೋದಾ ಎದ್ದು ಬಂದಳು. "ಹೇಳಿ ಮೋಹನಣ್ಣ. ನನ್ನ ಪಾತ್ರಕ್ಕೂ ಬೇರೆ ಯಾರಿಗಾದರೂ ಹೇಳಿ."

"ನಿನಗೆಂತ ಆಯ್ತು?"

"ಇಷ್ಟು ವರ್ಷದಲ್ಲಿ ನಾನು ಅಳುವಾಗ ಕಾದವರು ಇವರೊಬ್ಬರೇ."

"ಅಳುವ ಹಾಡಿಗೆ ತಾಳ ಬೇಡ, ಬಿಡಿ," ಎಂದು ಮೋಹನದಾಸ ಗೊಣಗಿ, ಮುಂದಿನ ನಾಟಕದ ತಾರೀಕನ್ನು ರೈಗಳಿಗೇ ಹೇಳಿ ಹೋದ.

ವಿನೋದಾಳಿಗೆ ಏನೋ ಹೇಳಹೊರಟ ರೈಗಳಿಗೆ ಅಳು ಬಂತು. ಅವಳು ಎಣ್ಣೆಯ ಹತ್ತಿ ಹಿಡಿದುಕೊಂಡು, ಅವರು ಸುಧಾರಿಸಿಕೊಳ್ಳುವವರೆಗೆ ಅಲ್ಲೇ ನಿಂತಳು.